ಅಕ್ಕನ ಮಗಳಿಗೊಂದು ಲ್ಯಾಪ್‌ಟಾಪ್

ನಮ್ಮ ಕಡೆಯ ಹಿರಿಯರಿಗೆ ಕೊಳ್ಳುವ ವಸ್ತುವನ್ನು ಕೈಯಲ್ಲಿ ಹಿಡಿದು ಅಳೆಯುವುದು ಗೊತ್ತು. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಸೀರೆಯ ಅಂಚನ್ನು ಬೆರಳ ನಡುವೆ ಉಜ್ಜುತ್ತಾರೆ. ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ಎರಡು ಕಾಳು ಬಾಯಿಗೆ ಹಾಕಿಕೊಂಡರೆ ಹಳೆಯದೋ ಹೊಸದೋ ಹೇಳಿಬಿಡುತ್ತಾರೆ. ತಿಪಟೂರಿನ ಹತ್ತಿರ ತೆಂಗಿನ ತೋಟ ಮಾಡಿಕೊಂಡಿರುವ ನನ್ನ ಭಾವ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಸದ್ದಿನಿಂದಲೇ ತಿಳಿಯುತ್ತಾರೆ. ಒಡೆದು ನೋಡಬೇಕಾದ ಪ್ರಮೇಯ ಅವರಿಗೆ ಬರುವುದಿಲ್ಲ.

ಮಗಳಿಗೆ ಸಿಇಟಿಯಲ್ಲಿ ಮೈಸೂರಿನ ಕಾಲೇಜೊಂದರ ಇಲೆಕ್ಟ್ರಾನಿಕ್ಸ್ ಸೀಟು ಖಾತ್ರಿಯಾದ ವಾರ ಭಾವ ಫೋನ್ ಮಾಡಿದರು. "ಲ್ಯಾಪ್‌ಟಾಪ್ ಬೇಕಂತೆ ಕಣಪ್ಪ. ಕೊಬ್ಬರಿ ಮಾರಿದ ದುಡ್ಡಿದೆ. ಯಾವುದು ತಗೋಬೇಕು ಅಂತ ನೀನೇ ಹೇಳು, ನನಗೆ ಅದರ ಗಂಧಗಾಳಿ ಇಲ್ಲ" ಎಂದರು. ಎಷ್ಟೋ ಮನೆಗಳಲ್ಲಿ ಕಾಲೇಜಿನ ಫೀಸು ಬಿಟ್ಟರೆ ಆ ವರ್ಷದ ದೊಡ್ಡ ಖರ್ಚು ಇದೇ. ಹೊಲ, ಒಡವೆ, ದನ, ಧಾನ್ಯ ಎಲ್ಲದರಲ್ಲೂ ಕೊನೆಯ ಮಾತು ತಮ್ಮದೇ ಎಂದು ಬದುಕಿದ ಹಿರಿಯರು ಇಲ್ಲಿ ಮಾತ್ರ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. ಆ ಇನ್ನೊಬ್ಬರು ಸಾಮಾನ್ಯವಾಗಿ ಬೆಂಗಳೂರಿನಲ್ಲಿರುವ ನೆಂಟರು, ಇಲ್ಲವೇ ಅಂಗಡಿಯವರು. ಓದಬೇಕಾದ ಮಗುವನ್ನು ಕೇಳುವುದು ಕಡಿಮೆ.

ನಾನು ಭಾವನಿಗೆ ಯಾವ ಹೆಸರನ್ನೂ ಹೇಳಲಿಲ್ಲ. "ಅವಳೇ ಆರಿಸಲಿ ಭಾವ, ಹೇಗೆ ಆರಿಸಬೇಕು ಅಂತ ನಾನು ಜೊತೆಗೆ ಕೂತು ಹೇಳಿಕೊಡ್ತೀನಿ" ಎಂದೆ. ಹದಿನೆಂಟು ತುಂಬಿದ ಹುಡುಗಿಯ ಕೈಗೆ ಮನೆಯವರು ಇಷ್ಟು ದೊಡ್ಡ ಮೊತ್ತದ ತೀರ್ಮಾನವನ್ನು ಕೊಡುವ ಸಂದರ್ಭ ಅಪರೂಪ. ಅದನ್ನು ನಾವು ಕಸಿದುಕೊಂಡು ಒಂದು ಮಾಡೆಲ್ಲಿನ ಹೆಸರು ಬರೆದುಕೊಟ್ಟರೆ ಅವಳಿಗೆ ಯಂತ್ರ ಸಿಗುತ್ತದೆ, ಆರಿಸುವ ವಿದ್ಯೆ ಸಿಗುವುದಿಲ್ಲ. ಕಾಲೇಜಿನ ಲ್ಯಾಪ್‌ಟಾಪನ್ನು ಓದುವವರೇ ಆರಿಸಬೇಕು. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ನಾವು ಕೊಡಬೇಕು. ಇದು ನನ್ನ ಗಟ್ಟಿ ನಂಬಿಕೆ.

ಅವಳು ಬೆಂಗಳೂರಿಗೆ ಬಂದಾಗ ಕೈಯಲ್ಲಿ ಮೊಬೈಲ್ ಹಿಡಿದು ಜಾಹೀರಾತುಗಳನ್ನು ತೋರಿಸತೊಡಗಿದಳು. ನಾನು ಒಂದು ನೋಟ್‌ಬುಕ್ ಕೊಟ್ಟು, "ಕಂಪನಿ ಹೆಸರು ಆಮೇಲೆ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬರಿ" ಎಂದೆ. ಏನು ಓದುತ್ತೀ? ಆ ಓದಿಗೆ ಯಾವ ಯಾವ ಸಾಫ್ಟ್‌ವೇರ್ ಬೇಕು? ದಿನದಲ್ಲಿ ಎಲ್ಲೆಲ್ಲಿ ಕೂತು ಕೆಲಸ ಮಾಡುತ್ತೀ? ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಮೊದಲನೆಯದಕ್ಕೆ ತಕ್ಷಣ ಬರೆದಳು. ಎರಡನೆಯದಕ್ಕೆ ಪೆನ್ನು ನಿಂತಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪಠ್ಯಕ್ರಮ ಇರುತ್ತದೆ, ತೆಗೆದು ನೋಡು ಎಂದೆ. ಪ್ರತಿ ಸೆಮಿಸ್ಟರಿನ ಲ್ಯಾಬ್ ವಿಷಯಗಳನ್ನು ಓದಿ, ಕಾಲೇಜಿನಲ್ಲಿ ಮೂರನೇ ವರ್ಷದಲ್ಲಿದ್ದ ಒಬ್ಬ ಸೀನಿಯರ್ ಹುಡುಗಿಗೆ ಫೋನ್ ಮಾಡಿ ಕೇಳಿದಳು. ಮೈಕ್ರೊಕಂಟ್ರೋಲರ್ ಲ್ಯಾಬಿಗೆ ಕೈಲ್ ಮೈಕ್ರೊವಿಷನ್, ಡಿಜಿಟಲ್ ವಿನ್ಯಾಸಕ್ಕೆ ವಿವಾಡೊ, ಸಿಗ್ನಲ್ ವಿಷಯಗಳಿಗೆ ಮ್ಯಾಟ್‌ಲ್ಯಾಬ್ ಎಂದು ಪಟ್ಟಿ ಬೆಳೆಯಿತು. ಕೈಲ್ ಮೈಕ್ರೊವಿಷನ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ವಿವಾಡೊಗೆ ವಿಂಡೋಸ್ ಇಲ್ಲವೇ ಲಿನಕ್ಸ್ ಬೇಕು, ಜೊತೆಗೆ ಹತ್ತಾರು ಜಿಬಿ ಜಾಗವೂ ಬೇಕು. ಅವಳ ಗೆಳತಿ ಮ್ಯಾಕ್‌ಬುಕ್ ಏರ್ ತಗೊಂಡಿದ್ದಳು, ಇವಳಿಗೂ ಅದರ ಮೇಲೆ ಕಣ್ಣಿತ್ತು. ಪಟ್ಟಿ ನೋಡಿದ ಮೇಲೆ ತಾನಾಗಿಯೇ, "ಮಾಮ, ನನ್ನ ಲ್ಯಾಬಿಗೆ ಅದು ಆಗಿಬರಲ್ಲ" ಎಂದಳು. ಮ್ಯಾಕ್ ಒಳ್ಳೆಯ ಯಂತ್ರ. ಫ್ಯಾನಿಲ್ಲದೆ ಸದ್ದಿಲ್ಲದೆ ನಡೆಯುತ್ತದೆ, ಬ್ಯಾಟರಿ ದಿನಪೂರ್ತಿ ಬರುತ್ತದೆ. ಅದು ಬೇರೆಯವರ ಓದಿಗೆ ಸರಿಹೋಗುತ್ತದೆ, ಇವಳ ಓದಿಗಲ್ಲ. ಈ ತಿಳಿವಳಿಕೆ ಅಂಗಡಿಯ ದೀಪಗಳ ಕೆಳಗೆ ಬರುವುದಿಲ್ಲ, ಪಠ್ಯಕ್ರಮ ಓದಿದಾಗ ಬರುತ್ತದೆ.

ಓದು ಬದಲಾದರೆ ಬೇಡಿಕೆಯೂ ಬದಲಾಗುತ್ತದೆ. ಬಿಕಾಂ ಓದುವವರಿಗೆ ಎಕ್ಸೆಲ್ ಮತ್ತು ಟ್ಯಾಲಿ ಮುಖ್ಯ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದೇ, ವಿಂಡೋಸಿಗಾಗಿ ಮಾಡಿದ್ದು. ಕಲಿಯುವವರಿಗಾಗಿ ಅದರಲ್ಲಿ ದುಡ್ಡು ಕೊಡದೆ ಬಳಸುವ ವ್ಯವಸ್ಥೆಯೂ ಇದೆ; ತಿಂಗಳ ಕೆಲವೇ ತಾರೀಖುಗಳ ವಹಿವಾಟು ಬರೆಯಬಹುದು, ಅಭ್ಯಾಸಕ್ಕೆ ಅಷ್ಟು ಸಾಕು. ಇದಕ್ಕೆ 8 ಜಿಬಿ ರ‍್ಯಾಮ್ ಇರುವ ಸಾಧಾರಣ ಯಂತ್ರ ಧಾರಾಳವಾಯಿತು. ಕಂಪ್ಯೂಟರ್ ಸೈನ್ಸಿನವರು ಆಂಡ್ರಾಯ್ಡ್ ಸ್ಟುಡಿಯೊ ತೆರೆದು ಎಮ್ಯುಲೇಟರ್ ಓಡಿಸಿದ ದಿನ 8 ಜಿಬಿ ಏದುಸಿರು ಬಿಡತೊಡಗುತ್ತದೆ, ಅವರಿಗೆ 16 ಬೇಕೇ ಬೇಕು. ಆರ್ಕಿಟೆಕ್ಚರ್ ಸೇರಿದವರ ಕಥೆ ಇನ್ನೊಂದು. ಅವರು ಬಳಸುವ ರೆವಿಟ್ ಸಾಫ್ಟ್‌ವೇರ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಮೂರು ಆಯಾಮದ ಕಟ್ಟಡಕ್ಕೆ ಬೆಳಕು ನೆರಳು ತುಂಬಿಸಿ ಚಿತ್ರ ತೆಗೆಯಬೇಕೆಂದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕು. ಆದರೆ ಅದೇ ಕಾರ್ಡು ಇರುವ ಗೇಮಿಂಗ್ ಲ್ಯಾಪ್‌ಟಾಪನ್ನು ಇತಿಹಾಸ ಓದುವ ಹುಡುಗ ಕೊಂಡರೆ, ಎರಡೂಕಾಲು ಕೆಜಿ ತೂಕ, ಇಟ್ಟಿಗೆ ಗಾತ್ರದ ಚಾರ್ಜರು, ಬೇಗ ಮುಗಿಯುವ ಬ್ಯಾಟರಿ ಎಲ್ಲವನ್ನೂ ಹೊತ್ತು ತಿರುಗಬೇಕು. ಎಐ ಕಲಿಯಬೇಕೆಂದು ಮೊದಲ ವರ್ಷದಲ್ಲೇ ಲಕ್ಷಗಟ್ಟಲೆಯ ಯಂತ್ರ ಕೊಳ್ಳುವವರೂ ಇದ್ದಾರೆ. ಗೂಗಲ್ ಕೊಲ್ಯಾಬ್‌ನಂಥ ಕಡೆ ಬ್ರೌಸರಿನಿಂದಲೇ ದೂರದ ಗ್ರಾಫಿಕ್ಸ್ ಕಾರ್ಡನ್ನು ಒಂದು ಮಿತಿಯೊಳಗೆ ಉಚಿತವಾಗಿ ಬಳಸಬಹುದು. ಕಲಿಕೆಯ ಮೊದಲ ಪಾಠಗಳೆಲ್ಲ ಅದರಲ್ಲೇ ಆಗುತ್ತವೆ.

ಎರಡನೆಯ ಪಾಠ, ಯಂತ್ರದ ಮೇಲಿನ ಚೀಟಿ ಓದುವುದು. ಅಂಗಡಿಯಲ್ಲಿ "ಐ5 ಇದೆ", "ರೈಜನ್ 5 ಇದೆ" ಎಂದು ಹೇಳಿ ಮಾತು ಮುಗಿಸುತ್ತಾರೆ. ಐ5 ಎನ್ನುವುದು ಒಂದು ಚಿಪ್ಪಲ್ಲ, ಹದಿನೈದಕ್ಕೂ ಹೆಚ್ಚು ವರ್ಷಗಳಿಂದ ಬರುತ್ತಿರುವ ದೊಡ್ಡ ಕುಟುಂಬ. ಹೆಸರಿನ ಕೊನೆಯ ಅಕ್ಷರ ನೋಡಬೇಕು. ಇಂಟೆಲ್‌ನಲ್ಲಿ ಕೊನೆಗೆ ಯು ಇದ್ದರೆ ಸುಮಾರು 15 ವ್ಯಾಟಿನ ಲೆಕ್ಕದಲ್ಲಿ ಮಾಡಿದ್ದು. ಬಿಸಿ ಕಡಿಮೆ, ಬ್ಯಾಟರಿ ಹೆಚ್ಚು ಬರುತ್ತದೆ. ಎಚ್ ಇದ್ದರೆ ಸುಮಾರು 45 ವ್ಯಾಟಿನದು. ವೇಗ ಹೆಚ್ಚು, ಫ್ಯಾನಿನ ಸದ್ದೂ ಹೆಚ್ಚು.

ಎಎಂಡಿಯವರು 2023ರ ಚಿಪ್ಪುಗಳಿಗೆ ಇಟ್ಟ ನಾಲ್ಕಂಕಿಯ ಹೆಸರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲ ಅಂಕಿ ವರ್ಷವನ್ನು ಹೇಳುತ್ತದೆ, ಒಳಗಿನ ವಿನ್ಯಾಸ ಎಷ್ಟು ಹಳೆಯದು ಎಂಬುದು ಮೂರನೇ ಅಂಕಿಯಲ್ಲಿರುತ್ತದೆ. ನಾನೊಂದು ಕಾಗದದ ಮೇಲೆ 7520ಯು, 7530ಯು ಎಂದು ಒಂದರ ಕೆಳಗೊಂದು ಬರೆದೆ. ಎರಡೂ "ರೈಜನ್ 5", ಎರಡೂ "7000 ಸರಣಿ", ಬದಲಾದದ್ದು ಒಂದೇ ಅಂಕಿ. ಆದರೆ 7520ಯು ಒಳಗಿರುವುದು 2019ರಲ್ಲಿ ಮೊದಲು ಬಂದ ಝೆನ್ 2 ವಿನ್ಯಾಸ, ನಾಲ್ಕು ಕೋರ್. 7530ಯು ಒಳಗಿರುವುದು 2020ರ ಝೆನ್ 3, ಆರು ಕೋರ್. ಅವಳು ಎರಡು ಸಾಲನ್ನೂ ಬಹಳ ಹೊತ್ತು ನೋಡಿ, ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ಜಾಹೀರಾತುಗಳನ್ನೆಲ್ಲ ಮತ್ತೆ ತೆರೆದು ಮೂರನೇ ಅಂಕಿ ಹುಡುಕತೊಡಗಿದಳು. ಅವಳ ಅಪ್ಪ ಕಾಯನ್ನು ಕಿವಿಗೆ ಹಿಡಿಯುವ ಗಮನವೇ ಆಗ ಅವಳ ಮುಖದಲ್ಲಿತ್ತು. ಈ ಹೆಸರುಗಳು ಬದಲಾಗುತ್ತಲೇ ಇರುತ್ತವೆ, ಎರಡೂ ಕಂಪನಿಗಳು ಹೆಸರಿಡುವ ಪದ್ಧತಿಯನ್ನೇ ಆಗಾಗ ಬದಲಿಸಿವೆ. ಪೂರ್ತಿ ಹೆಸರನ್ನು ಬರೆದುಕೊಂಡು ಮನೆಗೆ ಬಂದು ಹುಡುಕಿ ನೋಡಿ ಆಮೇಲೆ ತೀರ್ಮಾನಿಸುವ ಅಭ್ಯಾಸ ಉಳಿದರೆ ಸಾಕು.

ರ‍್ಯಾಮ್ ವಿಷಯದಲ್ಲಿ ಎಷ್ಟಿದೆ ಎನ್ನುವುದರ ಜೊತೆಗೆ ಹೇಗಿದೆ ಎಂದೂ ಕೇಳಬೇಕು. ತೆಳ್ಳಗಿನ ಯಂತ್ರಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಸ್ಲಾಟ್ ಇದ್ದರೆ ಈಗ 8 ಕೊಂಡು, ಎರಡನೇ ವರ್ಷದಲ್ಲಿ ಕೈಗೆ ದುಡ್ಡು ಬಂದಾಗ ಇನ್ನೊಂದು 8 ಸೇರಿಸಬಹುದು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ರಾಶಿಗಟ್ಟಲೆ ಕೊಳ್ಳತೊಡಗಿ 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಆದ್ದರಿಂದ ಈ ಲೆಕ್ಕವನ್ನು ಕೊಳ್ಳುವ ಹೊತ್ತಿನಲ್ಲೇ ಮಾಡಿಕೊಳ್ಳಬೇಕು. ಡಿಸ್ಕಿನ ಬಗ್ಗೆ ಮಾತು ಚಿಕ್ಕದು: ಎಸ್‌ಎಸ್‌ಡಿ ಇರಲೇಬೇಕು, ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಬೇಡ. ಎಂಜಿನಿಯರಿಂಗ್ ಓದಿಗೆ 512 ಜಿಬಿ ನೆಮ್ಮದಿ.

ಮೂರನೇ ಪ್ರಶ್ನೆಯೇ ನನಗೆ ಬಹಳ ಮುಖ್ಯ, ಎಲ್ಲರೂ ಮರೆಯುವುದೂ ಅದನ್ನೇ. ಎಲ್ಲಿ ಕೂತು ಕೆಲಸ ಮಾಡುತ್ತೀ? ಹಾಸ್ಟೆಲಿನ ಕೋಣೆಯಲ್ಲಿ ಮೂವರಿರುತ್ತಾರೆ, ಪ್ಲಗ್ ಪಾಯಿಂಟ್ ಒಂದೋ ಎರಡೋ ಇರುತ್ತದೆ, ಮೇಜು ಎಲ್ಲರಿಗೂ ಸಿಗುವುದಿಲ್ಲ. ಓದು ನಡೆಯುವುದು ಮಂಚದ ಮೇಲೆ, ಮೆಸ್ಸಿನ ಬೆಂಚಿನ ಮೇಲೆ, ಲೈಬ್ರರಿಯ ಮೂಲೆಯಲ್ಲಿ. ಶನಿವಾರ ಊರಿಗೆ ಹೊರಟರೆ ಚನ್ನರಾಯಪಟ್ಟಣದ ಮೇಲೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದೆ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ನಿಲ್ಲಬೇಕು. ಆಗ ಒಂದೂವರೆ ಕೆಜಿಗೂ ಎರಡೂವರೆ ಕೆಜಿಗೂ ಇರುವ ವ್ಯತ್ಯಾಸ ಹೆಗಲಿಗೆ ಗೊತ್ತಾಗುತ್ತದೆ. 1981ರಲ್ಲಿ ಹೊತ್ತೊಯ್ಯಬಹುದಾದ ಕಂಪ್ಯೂಟರ್ ಎಂದು ಮಾರಾಟಕ್ಕೆ ಬಂದ ಆಸ್ಬೋರ್ನ್ 1 ಹತ್ತು ಕೆಜಿಗೂ ಹೆಚ್ಚು ತೂಗುತ್ತಿತ್ತು, ಅದರೊಳಗೆ ಬ್ಯಾಟರಿಯೂ ಇರಲಿಲ್ಲ. ಎಂಜಿನಿಯರುಗಳು ನಾಲ್ಕು ದಶಕ ದುಡಿದು ಆ ಭಾರವನ್ನು ಇಳಿಸಿದ್ದಾರೆ. ನಮಗೆ ಬೇಡದ ಗ್ರಾಫಿಕ್ಸ್ ಕಾರ್ಡಿಗಾಗಿ ಅದನ್ನು ಮತ್ತೆ ಹೆಗಲಿಗೇರಿಸಿಕೊಳ್ಳುವುದೇಕೆ?

ಬ್ಯಾಟರಿಯನ್ನು "ಎಷ್ಟು ಗಂಟೆ" ಎಂದು ಕೇಳಬಾರದು, "ಎಷ್ಟು ವ್ಯಾಟ್-ಅವರ್" ಎಂದು ಕೇಳಬೇಕು. ಗಂಟೆಯ ಲೆಕ್ಕ ಕಂಪನಿಯವರು ಬೆಳಕು ತಗ್ಗಿಸಿ ತಮಗೆ ಬೇಕಾದ ಹಾಗೆ ಅಳೆದದ್ದು. ವ್ಯಾಟ್-ಅವರ್ ಎಂದರೆ ಬ್ಯಾಟರಿಯೊಳಗೆ ತುಂಬುವ ವಿದ್ಯುತ್ತಿನ ಅಳತೆ. 50 ವ್ಯಾಟ್-ಅವರ್ ಬ್ಯಾಟರಿ ಇದ್ದು, ಬರೆಯುವ ಓದುವ ಕೆಲಸಕ್ಕೆ ಯಂತ್ರ ಸುಮಾರು 10 ವ್ಯಾಟ್ ಎಳೆದರೆ ಐದು ಗಂಟೆ ಬರುತ್ತದೆ. ಭಾಗಾಕಾರ ಗೊತ್ತಿದ್ದರೆ ಸಾಕು. ಚಾರ್ಜಿಂಗ್ ಟೈಪ್-ಸಿ ಆಗಿದ್ದರೆ ಇನ್ನೂ ಅನುಕೂಲ, ಪರೀಕ್ಷೆಯ ಹಿಂದಿನ ರಾತ್ರಿ ಚಾರ್ಜರ್ ಕೆಟ್ಟರೆ ಪಕ್ಕದ ಕೋಣೆಯಲ್ಲಿ ಇನ್ನೊಂದು ಸಿಕ್ಕೀತು. ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಮಂಚದ ಮೇಲೆ ಹೊದಿಕೆಯ ಮೇಲಿಟ್ಟರೆ ತಳದ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಪರೀಕ್ಷೆಗೆ ಒಯ್ಯುವ ರಟ್ಟನ್ನು ಕೆಳಗಿಟ್ಟುಕೊಳ್ಳಮ್ಮ ಎಂದೆ. ಸದಾ ಪ್ಲಗ್ಗಿಗೆ ಸಿಕ್ಕಿಸಿ ಇಡುವುದಾದರೆ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೌಲಭ್ಯ ಈಗ ಬಹುತೇಕ ಯಂತ್ರಗಳಲ್ಲಿದೆ, ಅದನ್ನು ಹಾಕಿಡಬೇಕು.

ಪರದೆ ಮತ್ತು ಕೀಬೋರ್ಡನ್ನು ಕಾಗದದ ಮೇಲಿನ ಅಂಕಿಯಿಂದ ಪೂರ್ತಿ ತಿಳಿಯಲಾಗದು. ಅಂಗಡಿಗೆ ಹೋಗಲೇಬೇಕಾದ್ದು ಇದಕ್ಕಾಗಿ. ಅಗ್ಗದ ಯಂತ್ರಗಳ ಪರದೆ 250 ನಿಟ್ಸ್ ಬೆಳಕಿನದು, ಕಿಟಕಿಯ ಪಕ್ಕ ಕೂತರೆ ಅಕ್ಷರ ಮಸುಕು. 300 ದಾಟಿದರೆ ಕಣ್ಣಿಗೆ ಹಿತ. ನಾಲ್ಕು ವರ್ಷ, ದಿನಕ್ಕೆ ಗಂಟೆಗಟ್ಟಲೆ ನೋಡಬೇಕಾದದ್ದು ಅದನ್ನೇ. ಅಂಗಡಿಯಲ್ಲಿ ನಮ್ಮ ಹುಡುಗಿ ಕೀಬೋರ್ಡಿನ ಮೇಲೆ ಬೆರಳಿಟ್ಟು ಮೊದಲು ತನ್ನ ಹೆಸರನ್ನು, ಆಮೇಲೆ ಊರಿನ ಪೂರ್ತಿ ವಿಳಾಸವನ್ನು ಟೈಪ್ ಮಾಡಿದಳು. ಒಂದು ಯಂತ್ರದಲ್ಲಿ ನಡುವಿನ ಕೀಲಿಗಳನ್ನು ಒತ್ತಿದರೆ ತಳವೇ ತಗ್ಗುತ್ತಿತ್ತು. ಮುಚ್ಚಳವನ್ನು ಒಂದು ಬೆರಳಿನಿಂದ ಎತ್ತಿ ನೋಡು ಎಂದೆ. ಕೀಲು ಸಡಿಲವಾಗಿದ್ದರೆ ಪರದೆ ಅಲ್ಲಾಡುತ್ತದೆ, ಬಸ್ಸಿನ ಕುಲುಕಾಟಕ್ಕೆ ಮೊದಲು ಕೈಕೊಡುವುದೇ ಆ ಕೀಲು.

ಕನ್ನಡದಲ್ಲಿ ಬರೆಯುವ ಮಾತನ್ನೂ ಇಲ್ಲೇ ಹೇಳಬೇಕು. ಬಿಎ, ಪತ್ರಿಕೋದ್ಯಮ, ಬಿಎಡ್ ಓದುವವರಿಗೆ ಇದು ದಿನನಿತ್ಯದ ಕೆಲಸ. ಎಂಜಿನಿಯರಿಂಗ್ ಓದುವವರಿಗೂ ಅಮ್ಮನ ಪರವಾಗಿ ಒಂದು ಅರ್ಜಿ ಬರೆಯುವ ದಿನ ಬಂದೇ ಬರುತ್ತದೆ. ಇದಕ್ಕಾಗಿ ಬೇರೆ ಯಂತ್ರವೂ ಬೇಡ, ಕನ್ನಡ ಅಕ್ಷರ ಅಚ್ಚಾದ ಕೀಲಿಗಳೂ ಬೇಡ. ಕೆ.ಪಿ. ರಾವ್ ಅವರು ಮಾಮೂಲಿ ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡವನ್ನು ಚೊಕ್ಕಟವಾಗಿ ಕೂರಿಸಿ ಕೊಟ್ಟಿದ್ದಾರೆ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಆ ದಾರಿಯಲ್ಲೇ ಬಂತು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಿಂದ ಎಷ್ಟು ಜನರಿಂದ ಕನ್ನಡ ಬರೆಸಿದೆಯೋ ಲೆಕ್ಕವಿಲ್ಲ. ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕನ್ನಡ ಕೀಬೋರ್ಡ್ ಒಳಗೇ ಇರುತ್ತದೆ, ಸೆಟ್ಟಿಂಗಿನಲ್ಲಿ ಸೇರಿಸಿಕೊಳ್ಳಬೇಕಷ್ಟೆ. ಹೊಸ ಲ್ಯಾಪ್‌ಟಾಪ್ ತೆರೆದ ದಿನವೇ ಇದನ್ನು ಮಾಡಿಸಿ. ಯೂನಿಕೋಡಿನಲ್ಲೇ ಬರೆಯುವ ರೂಢಿ ಮಾಡಿಸಿ, ಆಗ ಬರೆದದ್ದು ಯಾರ ಮೊಬೈಲಿನಲ್ಲಿ ತೆರೆದರೂ ಓದಲು ಬರುತ್ತದೆ.

ಅಗ್ಗದ ಆಸೆಯ ಬಗ್ಗೆ ಒಂದು ಮಾತು. ಅಗ್ಗವಾಗಿ ಎಲ್ಲ ವಿದ್ಯಾರ್ಥಿಗಳ ಕೈಗೂ ಯಂತ್ರ ಕೊಡಬೇಕೆಂಬುದು ಒಳ್ಳೆಯ ಕನಸು. 2011ರಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್ಟಿನ ಹಿಂದೆ ಅದೇ ಕನಸಿತ್ತು. ಆದರೆ ಅದರ ಮೊದಲ ಆವೃತ್ತಿಯಲ್ಲಿದ್ದದ್ದು 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, ಗಟ್ಟಿಯಾಗಿ ಒತ್ತಬೇಕಾದ ಪರದೆ. ಕಲಿಯುವ ಮಗುವಿನ ತಾಳ್ಮೆ ಯಂತ್ರ ತೆರೆದುಕೊಳ್ಳುವುದರಲ್ಲೇ ಮುಗಿದರೆ ಕನಸು ಕೈಗೂಡುವುದಿಲ್ಲ. ಇವತ್ತೂ 4 ಜಿಬಿ ರ‍್ಯಾಮಿನ, ಪುಟ್ಟ ಪ್ರೊಸೆಸರಿನ ಹೊಸ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಅವುಗಳಿಗೆ ಹಾಕುವ ದುಡ್ಡಿಗೆ ಅವಕ್ಕಿಂತ ಎಷ್ಟೋ ಒಳ್ಳೆಯ ಹಳೆಯ ಯಂತ್ರ ಸಿಗುತ್ತದೆ.

ಬೆಂಗಳೂರಿನ ಟೌನ್ ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್, ಇಂಥ ಹಳೆಯ ಯಂತ್ರಗಳಿಗೆ ಹೆಸರಾದ ಜಾಗ. ಸಾಫ್ಟ್‌ವೇರ್ ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟ ಲ್ಯಾಪ್‌ಟಾಪುಗಳನ್ನು ಮೂರು ನಾಲ್ಕು ವರ್ಷಕ್ಕೆ ಬದಲಿಸುತ್ತವೆ, ಹಾಗೆ ಬಿಟ್ಟವು ಇಲ್ಲಿಗೆ ಬರುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಎಂಬ ಆ ಸಾಲಿನ ಯಂತ್ರಗಳನ್ನು ಗಟ್ಟಿಮುಟ್ಟಾಗಿ ಮಾಡಿರುತ್ತಾರೆ: ಕೀಬೋರ್ಡು ಉತ್ತಮ, ತಳ ಬಿಚ್ಚಿ ಬಿಡಿಭಾಗ ಬದಲಿಸುವುದು ಸುಲಭ. ಭಾವನ ತಮ್ಮನ ಮಗ ತಿಪಟೂರಿನಲ್ಲೇ ಬಿಕಾಂ ಸೇರಿದ್ದ. ಅವನಿಗೆಂದು ಎಸ್‌ಪಿ ರೋಡಿನಲ್ಲಿ ಒಂದನ್ನು ನೋಡಿದೆವು. ನನ್ನ ಅಕ್ಕನ ಮಗಳೇ ಪರೀಕ್ಷೆಗೆ ನಿಂತಳು. ಕಮ್ಯಾಂಡ್ ಪ್ರಾಂಪ್ಟ್ ತೆರೆದು 'ಪವರ್‌ಸಿಎಫ್‌ಜಿ' ಎಂದು ಬರೆದು, ಜಾಗ ಬಿಟ್ಟು, ಒಂದು ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ 'ಬ್ಯಾಟರಿರಿಪೋರ್ಟ್' ಎಂದು ಬರೆದು ಎಂಟರ್ ಒತ್ತಿದರೆ ಬ್ಯಾಟರಿಯ ಚರಿತ್ರೆಯೆಲ್ಲ ಒಂದು ಪುಟವಾಗಿ ಬರುತ್ತದೆ. ತಯಾರಾದಾಗಿನ ಸಾಮರ್ಥ್ಯ ಒಂದು ಸಾಲು, ಈಗ ತುಂಬುವ ಸಾಮರ್ಥ್ಯ ಇನ್ನೊಂದು ಸಾಲು. ಮೊದಲನೆಯದು 45 ಸಾವಿರ ಮಿಲಿವ್ಯಾಟ್-ಅವರ್‌ಗೂ ಮೇಲೆ, ಎರಡನೆಯದು 27 ಸಾವಿರದ ಆಸುಪಾಸು. ಅಂಗಡಿಯವರ ಮುಂದೆ ಪರದೆ ತಿರುಗಿಸಿ, "ಬ್ಯಾಟರಿ ಬೇರೆ ಹಾಕಿಕೊಡಿ ಅಣ್ಣ" ಎಂದಳು. ಅವರು ತಕರಾರಿಲ್ಲದೆ ಹಾಕಿಕೊಟ್ಟರು. ವಿದ್ಯೆ ಇದ್ದವರ ಮಾತಿಗೆ ಅಂಗಡಿಯಲ್ಲಿ ಸಿಗುವ ಮರ್ಯಾದೆಯನ್ನು ಅವಳು ಅವತ್ತು ಕಂಡಳು.

ಹಳೆಯದು ಕೊಳ್ಳುವಾಗ ಇನ್ನೊಂದು ಗಡಿ ನೆನಪಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆ ಅಥವಾ ಅದರ ಮುಂದಿನದಾಗಿರಬೇಕು. ಅದಕ್ಕಿಂತ ಹಿಂದಿನದು ಅಗ್ಗಕ್ಕೆ ಸಿಕ್ಕರೆ ಉಬುಂಟು, ಮಿಂಟ್ ತರಹದ ಲಿನಕ್ಸ್ ಹಾಕಿ ವರ್ಷಗಟ್ಟಲೆ ನಿಶ್ಚಿಂತೆಯಿಂದ ಬಳಸಬಹುದು, ಆದರೆ ಟ್ಯಾಲಿ ಬೇಕಾದವರು ಅತ್ತ ಹೋಗದಿರುವುದು ಒಳ್ಳೆಯದು.

ದುಡ್ಡಿನ ಮಾತಿಗೆ ಬರೋಣ. ಲ್ಯಾಪ್‌ಟಾಪಿನ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ಬಿಲ್ಲಿಲ್ಲದೆ ಕೊಟ್ಟರೆ ಕಡಿಮೆಯಾಗುತ್ತದೆ ಎನ್ನುವ ಮಾತಿಗೆ ಒಪ್ಪಬಾರದು. ಬಿಲ್ಲು ಕೈಯಲ್ಲಿಲ್ಲದಿದ್ದರೆ ವಾರಂಟಿಗಾಗಿ ಹೋರಾಡಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಬಡ್ಡಿಯಿಲ್ಲದ ಕಂತು ಎಂದು ಬರೆದಿರುವ ಕಡೆ ಸಣ್ಣ ಅಕ್ಷರ ಓದಬೇಕು: ಬಡ್ಡಿಯ ಮೊತ್ತವನ್ನು ರಿಯಾಯಿತಿಯ ರೂಪದಲ್ಲಿ ಮುರಿದುಕೊಂಡಿರುತ್ತಾರೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಮ್ಮ ತಲೆಗೆ ಬರುತ್ತದೆ. ಹೆಚ್ಚು ಜನಕ್ಕೆ ತಿಳಿಯದ ಒಂದು ದಾರಿಯಿದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ, ಕೋರ್ಸ್ ಮುಗಿಸಲು ಅಗತ್ಯವಿದ್ದರೆ ಕಂಪ್ಯೂಟರ್ ಖರೀದಿಯ ಖರ್ಚನ್ನೂ ಸಾಲದೊಳಗೆ ಸೇರಿಸಲು ಅವಕಾಶವಿದೆ. ಫೀಸಿಗೆಂದು ಸಾಲಕ್ಕೆ ಅರ್ಜಿ ಹಾಕುವವರು ಆಗಲೇ ಬ್ಯಾಂಕಿನಲ್ಲಿ ಇದನ್ನು ಕೇಳಬೇಕು. ರಾಜ್ಯ ಸರ್ಕಾರ ಹಿಂದೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿದ್ದುಂಟು. ಈ ವರ್ಷ ಏನಾದರೂ ಯೋಜನೆ ಇದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಆಮೇಲೆ ಕೊಳ್ಳುವುದು ಜಾಣತನ.

ಅವಸರವನ್ನಂತೂ ಬಿಡಬೇಕು. ಸೀಟು ಸಿಕ್ಕ ದಿನವೇ ಕೊಳ್ಳಬೇಕೆಂದೇನಿಲ್ಲ. ಮುಂದಿನ ಸುತ್ತಿನಲ್ಲಿ ವಿಭಾಗ ಬದಲಾಗಬಹುದು. ಕಾಲೇಜೇ ಯಾವ ಯಂತ್ರ ಬೇಕೆಂದು ಹೇಳಬಹುದು. ಮೊದಲ ಕೆಲವು ವಾರ ಕಾಲೇಜಿನ ಲ್ಯಾಬಿನಲ್ಲೇ ಕೆಲಸ ಸಾಗುತ್ತದೆ. ಅಷ್ಟರಲ್ಲಿ ಸೀನಿಯರುಗಳ ಯಂತ್ರ ಮುಟ್ಟಿ ನೋಡಿ, ಅವರ ಕಷ್ಟಸುಖ ಕೇಳಿ ತೀರ್ಮಾನಿಸಿದರೆ ನಾಲ್ಕು ವರ್ಷ ನಿಶ್ಚಿಂತೆ. ನಮ್ಮ ಹುಡುಗಿ ಹಾಗೆಯೇ ಮಾಡಿದಳು. ಕೊನೆಗೆ ಅವಳು ಆರಿಸಿದ್ದು ಒಂದೂವರೆ ಕೆಜಿಗಿಂತ ಸ್ವಲ್ಪ ಹೆಚ್ಚು ತೂಕದ, 16 ಜಿಬಿಯ, ಒಂದು ಸ್ಲಾಟ್ ಖಾಲಿ ಇರುವ, ಮೈಸೂರಿನಲ್ಲಿ ಸರ್ವಿಸ್ ಸೆಂಟರ್ ಇರುವ ವಿಂಡೋಸ್ ಯಂತ್ರ. ಕೋಣೆಗೇ ಬಂದು ರಿಪೇರಿ ಮಾಡುವ ವಾರಂಟಿಗೆ ಇನ್ನೊಂದಿಷ್ಟು ದುಡ್ಡು ಸೇರಿಸಿದಳು, ಬಣ್ಣಬಣ್ಣದ ದೀಪದ ಕೀಬೋರ್ಡು ಬೇಡವೆಂದಳು. ಯಾಕೆ ಇದು, ಯಾಕೆ ಅದಲ್ಲ ಎಂದು ಅಪ್ಪನಿಗೆ ಫೋನಿನಲ್ಲಿ ಒಂದೊಂದಾಗಿ ಬಿಡಿಸಿ ಹೇಳಿದಳು. ಭಾವ ಎಲ್ಲ ಕೇಳಿ, "ಸರಿ, ನೀನು ನೋಡಿದೀಯಲ್ಲ, ತಗೋ" ಎಂದರು. ಆ ಮನೆಯಲ್ಲಿ ಆ ಮಾತು ಸುಲಭಕ್ಕೆ ಬರುವಂಥದಲ್ಲ.

ನನಗೆ ಹೆಚ್ಚು ಸಂಕಟವಾಗುವುದು ಬೇರೊಂದು ಕಡೆ. ಮಗನಿಗೆ ಎಂಜಿನಿಯರಿಂಗ್ ಎಂದು ಹೊಸ ಲ್ಯಾಪ್‌ಟಾಪ್ ತಂದ ಮನೆಯಲ್ಲೇ, "ಮಗಳದು ಬಿಎ ತಾನೆ, ಮೊಬೈಲ್ ಸಾಕು" ಎಂಬ ಮಾತು ಕೇಳಿಸುತ್ತದೆ. ಆರಿಂಚಿನ ಪರದೆಯಲ್ಲಿ ಇಪ್ಪತ್ತು ಪುಟದ ಪ್ರಬಂಧ ಬರೆಯಲಾಗದು. ಅಡಿಟಿಪ್ಪಣಿ ಹಾಕಲಾಗದು, ಎರಡು ಲೇಖನಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಲಾಗದು. ಕೆಲಸಕ್ಕೆ ಅರ್ಜಿ ಹಾಕುವ ದಿನ ಎಕ್ಸೆಲ್ ಬರುತ್ತದೆಯೇ ಎಂದು ಅವಳನ್ನೂ ಕೇಳುತ್ತಾರೆ. ಮೊಬೈಲ್ ನೋಡಲು ಚೆನ್ನ, ಕೇಳಲು ಚೆನ್ನ. ಯೋಚಿಸಿ ಬರೆದು ತಿದ್ದಿ ಮತ್ತೆ ಬರೆಯಲು ಕೀಬೋರ್ಡು ಬೇಕು, ಅಗಲವಾದ ಪರದೆ ಬೇಕು. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದಿದ್ದರೆ ಹಳೆಯದಾಗಲಿ. ಎರಡು ಕೊಳ್ಳಲಾಗದಿದ್ದರೆ ಒಂದನ್ನೇ ಇಬ್ಬರೂ ಹೊತ್ತು ಹಂಚಿಕೊಂಡು ಬಳಸಲಿ, ಆ ಹಂಚಿಕೆಯಲ್ಲಿ ಅವಳ ಪಾಲು ಕಡಿಮೆಯಾಗದಿರಲಿ. ಕಾಲೇಜುಗಳೂ ಲ್ಯಾಬಿನ ಬಾಗಿಲನ್ನು ನಾಲ್ಕು ಗಂಟೆಗೇ ಮುಚ್ಚದೆ, ಸಂಜೆಯ ಕೊನೆಯ ಬಸ್ಸಿನವರೆಗಾದರೂ ತೆರೆದಿಡಲಿ. ಯಂತ್ರ ಕೊಳ್ಳಲಾಗದವರ ಓದು ಅಲ್ಲಿ ನಡೆಯುತ್ತದೆ.

ಈ ಮಳೆಗಾಲದಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ ಇಷ್ಟೆ. ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡು ಆ ನಾಲ್ಕು ಪ್ರಶ್ನೆ ಕೇಳಿ. ಅವರ ಬಳಿ ಉತ್ತರ ಇಲ್ಲದಿದ್ದರೆ ಹುಡುಕಿಕೊಂಡು ಬರಲಿ, ಒಂದು ವಾರ ತಡವಾದರೂ ಚಿಂತೆಯಿಲ್ಲ. ಬಿಎಗೆ ಹೊರಟವಳನ್ನೂ ಬಿಇಗೆ ಹೊರಟವನನ್ನೂ ಒಂದೇ ಗಾಂಭೀರ್ಯದಿಂದ ಕೇಳಿ. ಅವರು ಕಾರಣ ಕೊಟ್ಟು ಆರಿಸಿದ್ದು ನಿಮ್ಮ ಕೈಗೆಟಕುವ ಬೆಲೆಯೊಳಗಿದ್ದರೆ, ಅದನ್ನೇ ಕೊಡಿಸಿ.